ಸಿ ಶಾರ್ಪಿನ ಮನೆಯಲ್ಲಿ ಬೇರೆ ಭಾಷೆಗಳು



ಈ ದತ್ತಿ ಉಪನ್ಯಾಸದ ಷರತ್ತು ಎರಡೇ. ವಿಷಯ ವಿಜ್ಞಾನದ್ದೋ ತಂತ್ರಜ್ಞಾನದ್ದೋ ಆಗಿರಬೇಕು, ಉಪನ್ಯಾಸ ಕನ್ನಡದಲ್ಲಿರಬೇಕು. ನಾನು ಆರಿಸಿಕೊಂಡ ವಿಷಯ ಕೇಳಿದಾಗ ಸಂಘಟಕರು ಕೊಂಚ ಹಿಂದೆಮುಂದೆ ನೋಡಿದರು. ಕಂಪ್ಯೂಟರ್ ಆಟ ಎಂದರೆ ಹುಡುಗರ ಸಂಗತಿ, ಕಂಪೈಲರ್ ಎಂದರೆ ತಜ್ಞರ ಸಂಗತಿ. ಎರಡನ್ನೂ ಕೂಡಿಸಿದರೆ ಕೇಳಲು ಬರುವವರು ಯಾರು ಎಂಬ ಚಿಂತೆ ಅವರದು. ನಿಮ್ಮನ್ನೆಲ್ಲ ನೋಡಿದ ಮೇಲೆ ಅವರ ಚಿಂತೆ ಅರ್ಧವಾದರೂ ಕಳೆದಿರಬೇಕು. ಉಳಿದರ್ಧಕ್ಕೆ ನಾನು ಜವಾಬ್ದಾರ.

ಪ್ರಶ್ನೆ ಇಷ್ಟು. ಆಟ ಕಟ್ಟುವ ಎಂಜಿನ್ ಒಂದನ್ನು ಯಾವುದೋ ಒಂದು ಪ್ರೋಗ್ರಾಮಿಂಗ್ ಭಾಷೆಯವರಿಗಾಗಿ ತಯಾರಿಸಿದ್ದಾರೆ. ಅದನ್ನು ಇನ್ನೊಂದು ಭಾಷೆಯಿಂದ ಬಳಸಬಹುದೇ? ಬಳಸಬಹುದು ಎಂದು ಮೈಕ್ರೋಸಾಫ್ಟಿನ ಡಾಟ್ ನೆಟ್ ಲೋಕ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಹೇಳುತ್ತಿದೆ. ಅದು ಸುಳ್ಳಲ್ಲ. ಬಾಗಿಲು ತೆರೆದೇ ಇದೆ. ಆದರೆ ಮನೆ ಕಟ್ಟಿದ್ದು ಸಿ ಶಾರ್ಪ್ ಭಾಷೆಯ ಅಭ್ಯಾಸಗಳಿಗೆ ತಕ್ಕಂತೆ; ಒಳಗೆ ಬಂದ ಇನ್ನೊಂದು ಭಾಷೆ ಎಲ್ಲಿ ಆರಾಮಾಗಿ ಇರಬಹುದು, ಎಲ್ಲಿ ಎಡವುತ್ತದೆ ಎಂಬುದು ಬಾಗಿಲಲ್ಲಿ ನಿಂತರೆ ತಿಳಿಯುವುದಿಲ್ಲ. ಆ ಜಾಗಗಳನ್ನು ಗುರುತಿಸುವುದೇ ಇವತ್ತಿನ ನನ್ನ ಕೆಲಸ. ವೇದಿಕೆಯ ಮೇಲೆ ನಿಂತು ಕೋಡ್ ಓದುವುದು ಕೇಳುಗರಿಗೆ ಕೊಡುವ ಶಿಕ್ಷೆ, ಆದ್ದರಿಂದ ಎಲ್ಲವನ್ನೂ ಮಾತಿನಲ್ಲೇ ಹೇಳುತ್ತೇನೆ.

ಎಂಜಿನ್ ಎಂದರೇನು ಎಂಬುದನ್ನು ಬೇಗ ಮುಗಿಸುತ್ತೇನೆ. ಚಿತ್ರವನ್ನು ತೆರೆಗೆ ತರುವುದು, ಸದ್ದು ಹೊರಡಿಸುವುದು, ಬೆರಳಿನ ಒತ್ತನ್ನು ಗಮನಿಸುವುದು, ಎರಡು ವಸ್ತುಗಳು ಡಿಕ್ಕಿ ಹೊಡೆದವೇ ಎಂದು ಲೆಕ್ಕ ಹಾಕುವುದು ಇವೆಲ್ಲ ಪ್ರತಿ ಆಟಕ್ಕೂ ಬೇಕು. ಪ್ರತಿ ಆಟಕ್ಕೂ ಮತ್ತೆ ಮತ್ತೆ ಬರೆಯುವ ಬದಲು ಒಮ್ಮೆ ಬರೆದಿಟ್ಟುಕೊಂಡದ್ದು ಎಂಜಿನ್. ಅದು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ನಿಮ್ಮ ಕೋಡನ್ನು ಕರೆದು, ಈಗ ಏನಾಗಬೇಕು ಎಂದು ಕೇಳುತ್ತದೆ. ಉತ್ತರ ಕೊಟ್ಟು ಚಿತ್ರ ಬರೆದು ಮುಗಿಸಲು ಸಿಗುವ ಕಾಲ ಹದಿನಾರೂವರೆ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಈ ಅಂಕಿ ಮುಂದೆಯೂ ಬೇಕಾಗುತ್ತದೆ.

ಇನ್ನು ಡಾಟ್ ನೆಟ್ ಲೋಕದ ಮೂಲಮಾತು ಮ್ಯಾನೇಜ್ಡ್ ಕೋಡ್. ಹಾಗೆಂದರೆ, ಬರೆದ ಪ್ರೋಗ್ರಾಮನ್ನು ನೇರ ಪ್ರೊಸೆಸರಿನ ಆದೇಶಗಳಿಗೆ ಇಳಿಸದೆ, ಮೊದಲು ಒಂದು ನಡುಭಾಷೆಗೆ ಇಳಿಸಿ, ಅದನ್ನು ರನ್‌ಟೈಮ್ ಒಂದರ ಉಸ್ತುವಾರಿಯಲ್ಲಿ ಓಡಿಸುವುದು. ಮೆಮೊರಿ ಕೇಳುವುದು ಪ್ರೋಗ್ರಾಮು; ಬಳಸಿ ಬಿಟ್ಟದ್ದನ್ನು ಗುಡಿಸಿ ತೆಗೆಯುವುದು ರನ್‌ಟೈಮು. 2002ರಲ್ಲಿ ಮೈಕ್ರೋಸಾಫ್ಟ್ ಡಾಟ್ ನೆಟ್ ಫ್ರೇಮ್‌ವರ್ಕನ್ನು ಬಿಡುಗಡೆ ಮಾಡಿದಾಗ ಅದರ ದೊಡ್ಡ ಹೆಗ್ಗಳಿಕೆಯೇ ಈ ನಡುಭಾಷೆ. ಸಿ ಶಾರ್ಪ್, ವಿಶುವಲ್ ಬೇಸಿಕ್ ಮಾತ್ರವಲ್ಲ, ಐಫೆಲ್, ಕೊನೆಗೆ ಕೋಬಾಲ್ ಕೂಡ ಅದೇ ನಡುಭಾಷೆಗೆ ಇಳಿಯಬಹುದು, ಇಳಿದ ಮೇಲೆ ಒಂದರ ಕ್ಲಾಸನ್ನು ಇನ್ನೊಂದು ಕರೆಯಬಹುದು ಎಂದರು. ಅದಕ್ಕಾಗಿ ಎಲ್ಲ ಭಾಷೆಗಳೂ ಪಾಲಿಸಬೇಕಾದ ಸಾಮಾನ್ಯ ಕಟ್ಟಳೆಗಳ ಪಟ್ಟಿಯನ್ನೇ ಮಾಡಿದರು: ಹೊರಗೆ ಕಾಣುವ ಎರಡು ಹೆಸರುಗಳು ದೊಡ್ಡಕ್ಷರ ಸಣ್ಣಕ್ಷರದ ಅಂತರದಲ್ಲಿ ಮಾತ್ರ ಬೇರೆಯಾಗಿರಬಾರದು ಇತ್ಯಾದಿ. ಈ ಇಡೀ ಏರ್ಪಾಡು ಎಕ್ಮಾ 335 ಎಂಬ ಸಂಖ್ಯೆಯ ಮಾನಕವೂ ಆಯಿತು. ಮಾನಕ ತೆರೆದದ್ದಾದ್ದರಿಂದ ಮಿಗೆಲ್ ಡಿ ಇಕಾಝಾ ಮತ್ತು ಅವರ ಗೆಳೆಯರು ಆ ಬಿಡುಗಡೆಗೂ ಮೊದಲೇ, 2001ರಲ್ಲಿ, ಮೋನೋ ಎಂಬ ಮುಕ್ತ ಅನುಷ್ಠಾನವನ್ನು ಘೋಷಿಸಿದರು. ಅದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಮೋನೋ ಇಲ್ಲದಿದ್ದರೆ ಇವತ್ತಿನ ಕಥೆಯೇ ಇರುತ್ತಿರಲಿಲ್ಲ.

ಏಕೆಂದರೆ ಅದೇ 2004ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಡೇವಿಡ್ ಹೆಲ್ಗಾಸನ್, ನಿಕೋಲಸ್ ಫ್ರಾನ್ಸಿಸ್, ಯೋಆಕಿಮ್ ಆಂಟೆ ಎಂಬ ಮೂವರು ಸೇರಿ ಕಂಪನಿಯೊಂದನ್ನು ಕಟ್ಟಿದರು. ಅವರ ಗೂಬಾಲ್ ಎಂಬ ಆಟ ಹೆಚ್ಚು ಓಡಲಿಲ್ಲ. ಆಟಕ್ಕಾಗಿ ಮಾಡಿಕೊಂಡ ಎಂಜಿನ್ ಮಾತ್ರ ಓಡಿತು. 2005ರಲ್ಲಿ ಆಪಲ್‌ನ ಡೆವಲಪರ್ ಸಮ್ಮೇಳನದಲ್ಲಿ ಹೊರಬಂದ ಅದರ ಹೆಸರು ಯೂನಿಟಿ. ಒಡಲು ಸಿ ಪ್ಲಸ್ ಪ್ಲಸ್. ಆಟ ಬರೆಯುವವರಿಗೆ ತೆರೆದಿಟ್ಟ ಪದರ ಮೋನೋ. ನಡುಭಾಷೆಗೆ ಇಳಿಯುವ ಯಾವ ಭಾಷೆಯಾದರೂ ಸರಿ ಎಂಬ ಡಾಟ್ ನೆಟ್ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡು, ಆರಂಭದ ವರ್ಷಗಳಲ್ಲಿ ಮೂರು ಭಾಷೆಗಳನ್ನು ಕೊಟ್ಟರು. ಒಂದು ಸಿ ಶಾರ್ಪ್. ಇನ್ನೊಂದು ಬೂ, ರೋಡ್ರಿಗೋ ಬರೆಟೋ ಡಿ ಒಲಿವೇರಾ ಎಂಬ ಬ್ರೆಝಿಲಿನ ಪ್ರೋಗ್ರಾಮರ್ 2003ರ ಹೊತ್ತಿಗೆ ರೂಪಿಸಿದ, ಪೈಥಾನ್ ಬರಹದ ಚಹರೆಯುಳ್ಳ ಭಾಷೆ. ಮೂರನೆಯದನ್ನು ಯೂನಿಟಿ ಜಾವಾಸ್ಕ್ರಿಪ್ಟ್ ಎಂದು ಕರೆಯಿತು. ಅದು ಜಾವಾಸ್ಕ್ರಿಪ್ಟ್ ಆಗಿರಲಿಲ್ಲ. ಯೂನಿಟಿಗೆಂದೇ ಮಾಡಿದ, ಮೇಲ್ನೋಟಕ್ಕೆ ಹಾಗೆ ಕಾಣುವ ಬೇರೆ ಭಾಷೆ. ಬಲ್ಲವರು ಯೂನಿಟಿಸ್ಕ್ರಿಪ್ಟ್ ಎನ್ನುತ್ತಿದ್ದರು. ತಮಾಷೆಯೆಂದರೆ ಅದರ ಕಂಪೈಲರ್ ನಿಂತಿದ್ದು ಬೂ ಭಾಷೆಯ ಕಂಪೈಲರಿನ ಮೇಲೆ. ವೆಬ್ ಪುಟಕ್ಕಾಗಿ ಬರೆದ ಜಾವಾಸ್ಕ್ರಿಪ್ಟನ್ನು ತಂದು ಅಂಟಿಸಿ, ಯಾಕೆ ಓಡುತ್ತಿಲ್ಲ ಎಂದು ತಲೆ ಕೆರೆದುಕೊಂಡ ಹುಡುಗರಿಗೆ ಲೆಕ್ಕವಿಲ್ಲ.

ಬೇರೆ ಭಾಷೆಗಳು ಎಡವಿದ್ದು ಎಲ್ಲಿ? ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಯೂನಿಟಿಯಲ್ಲಿ ಪ್ರತಿ ವಸ್ತುವಿಗೂ ಟ್ರಾನ್ಸ್‌ಫಾರ್ಮ್ ಇರುತ್ತದೆ, ಅದಕ್ಕೆ ಪೊಸಿಷನ್ ಎಂಬ ಪ್ರಾಪರ್ಟಿ, ಅದರೊಳಗೆ ಎಕ್ಸ್, ವೈ, ಝಡ್ ಎಂಬ ಮೂರು ಅಂಕಿಗಳು. ವಸ್ತುವನ್ನು ಬಲಕ್ಕೆ ಸರಿಸಲು ಹೊಸಬರು ಏನು ಬರೆಯುತ್ತಾರೆ? ಟ್ರಾನ್ಸ್‌ಫಾರ್ಮ್‌ನ ಪೊಸಿಷನ್‌ನ ಎಕ್ಸ್ 5 ಆಗಲಿ ಎಂದು. ಸಿ ಶಾರ್ಪ್ ಇದನ್ನು ಒಪ್ಪುವುದಿಲ್ಲ. ಯಾಕೆಂದರೆ ಪೊಸಿಷನ್ ಒಂದು ಸ್ಟ್ರಕ್ಟ್. ಕೇಳಿದಾಗ ಸಿಗುವುದು ಅದರ ಪ್ರತಿ. ಪ್ರತಿಯ ಎಕ್ಸ್ ಬದಲಿಸಿದರೆ ಮೂಲದಲ್ಲಿ ಏನೂ ಆಗುವುದಿಲ್ಲ, ಆದ್ದರಿಂದ ಕಂಪೈಲರ್ ಮೊದಲೇ ತಡೆಯುತ್ತದೆ. ನೀವು ಪ್ರತಿಯನ್ನು ಒಂದು ವೇರಿಯಬಲ್ಲಿಗೆ ತಂದು, ತಿದ್ದಿ, ಮತ್ತೆ ಇಡೀ ಪೊಸಿಷನನ್ನು ವಾಪಸ್ ಕೊಡಬೇಕು. ಮುಂದೆ ಹೇಳಲಿರುವ ಎಫ್ ಶಾರ್ಪ್ ಭಾಷೆ ಕೂಡ ಇದೇ ಹಟ ಹಿಡಿಯುತ್ತದೆ. ಯೂನಿಟಿಸ್ಕ್ರಿಪ್ಟ್ ಮಾತ್ರ ಆ ಒಂದೇ ಸಾಲನ್ನು ನಗುನಗುತ್ತಾ ಒಪ್ಪುತ್ತಿತ್ತು. ತರುವ, ತಿದ್ದುವ, ವಾಪಸ್ ಕೊಡುವ ಮೂರೂ ಹೆಜ್ಜೆಗಳನ್ನು ಅದರ ಕಂಪೈಲರ್ ಗುಟ್ಟಾಗಿ ತಾನೇ ಸೇರಿಸುತ್ತಿತ್ತು.

ಅಂದರೆ ಈ ಒಂದು ವಿಷಯದಲ್ಲಿ ಯೂನಿಟಿಸ್ಕ್ರಿಪ್ಟ್ ಎಂಜಿನ್‌ಗೆ ಸಿ ಶಾರ್ಪಿಗಿಂತ ಹೆಚ್ಚು ಹೊಂದಿಕೊಂಡ ಭಾಷೆ. ಸುಖ ಇದ್ದದ್ದು ನಡುಭಾಷೆಯಲ್ಲಿ ಅಲ್ಲ, ಕಂಪೈಲರ್ ಮಾಡಿಕೊಡುತ್ತಿದ್ದ ಉಪಚಾರದಲ್ಲಿ. 2017ರಲ್ಲಿ ಯೂನಿಟಿಸ್ಕ್ರಿಪ್ಟಿಗೆ ವಿದಾಯ ಹೇಳುವುದಾಗಿ ಯೂನಿಟಿ ಘೋಷಿಸಿ, ಹಳೆಯ ಕೋಡನ್ನು ಸಿ ಶಾರ್ಪಿಗೆ ತಿರುಗಿಸುವ ಸಲಕರಣೆಯನ್ನೂ ಕೊಟ್ಟಿತು. ಕೈಯಿಂದಲೇ ತಿರುಗಿಸಲು ಹೊರಟವರಿಗೆ ತಲೆನೋವಾದ ಸಾಲುಗಳಲ್ಲಿ ಈ ಪೊಸಿಷನ್ ಸಾಲೂ ಒಂದು.

ಬೂ ಅದಕ್ಕೂ ಮೊದಲೇ ಹೋಗಿತ್ತು. 2014ರಲ್ಲಿ ಕಂಪನಿಯೇ ಹೊರಹಾಕಿದ ಲೆಕ್ಕದಂತೆ ಸಿ ಶಾರ್ಪಿನ ಪಾಲು ಸುಮಾರು 80 ಪ್ರತಿಶತ, ಯೂನಿಟಿಸ್ಕ್ರಿಪ್ಟಿನದು 19ರ ಆಸುಪಾಸು. ಬೂ ಬಳಸುತ್ತಿದ್ದವರು ಅರ್ಧ ಪ್ರತಿಶತವೂ ಇಲ್ಲ. ಯೂನಿಟಿ 5ರ ಹೊತ್ತಿಗೆ ಕೈಪಿಡಿಯಿಂದ ಬೂ ಉದಾಹರಣೆಗಳು ಮಾಯವಾದವು. ಪ್ರತಿಯೊಂದು ಫಂಕ್ಷನ್ನಿಗೂ ಮೂರು ಭಾಷೆಯಲ್ಲಿ ಉದಾಹರಣೆ ಬರೆದು, ಪರೀಕ್ಷಿಸಿ, ತಿದ್ದುತ್ತಿರಬೇಕಾದ ಕೆಲಸವನ್ನು ಅರ್ಧ ಪ್ರತಿಶತ ಜನಕ್ಕಾಗಿ ಯಾವ ಕಂಪನಿ ಮಾಡೀತು? ಬೂ ಭಾಷೆಯಲ್ಲಿ ತಾಂತ್ರಿಕ ಕೊರತೆ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಕೊಂದದ್ದು ಕೈಪಿಡಿಯ ಖರ್ಚು.

ಈಗ ಎಫ್ ಶಾರ್ಪಿಗೆ ಬರುತ್ತೇನೆ. ಕೇಂಬ್ರಿಡ್ಜಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಾನ್ ಸೈಮ್ ರೂಪಿಸಿದ ಭಾಷೆ. 2010ರ ವಿಶುವಲ್ ಸ್ಟುಡಿಯೋ ಜೊತೆ ಎಲ್ಲರ ಕೈಗೂ ಬಂತು. ಅದೇ ಸೈಮ್ ಮತ್ತು ಆಂಡ್ರೂ ಕೆನಡಿ ಡಾಟ್ ನೆಟ್‌ಗೆ ಜೆನೆರಿಕ್ಸ್ ಎಂಬ ಸೌಲಭ್ಯ ತಂದುಕೊಟ್ಟವರು. ಹಾಗಾಗಿ ಈ ಭಾಷೆ ಹೊರಗಿನಿಂದ ಬಂದ ಅಪರಿಚಿತವಲ್ಲ, ರನ್‌ಟೈಮನ್ನು ತಿದ್ದಿದವರ ಕೈಯಲ್ಲೇ ಹುಟ್ಟಿದ್ದು. ಯೂನಿಟಿ ಎಫ್ ಶಾರ್ಪನ್ನು ತಾನೇ ಕಂಪೈಲ್ ಮಾಡುವುದಿಲ್ಲ. ಹೊರಗೆ ಕಂಪೈಲ್ ಮಾಡಿದ ಡಿಎಲ್‌ಎಲ್ ಕಡತವನ್ನು, ಜೊತೆಗೆ ಎಫ್ ಶಾರ್ಪಿನ ಮೂಲ ಲೈಬ್ರರಿಯನ್ನು, ಪ್ರಾಜೆಕ್ಟಿನ ಅಸೆಟ್ಸ್ ಫೋಲ್ಡರಿಗೆ ಹಾಕಿದರೆ ಅದು ಸಿ ಶಾರ್ಪಿನಿಂದ ಬಂದದ್ದೋ ಇಲ್ಲವೋ ಎಂದು ಯೂನಿಟಿ ಕೇಳುವುದಿಲ್ಲ. ಇಲ್ಲಿಯವರೆಗೂ 2002ರ ಮಾತು ಉಳಿದಿದೆ.

ಎಡವುವುದು ಶೂನ್ಯದಲ್ಲಿ, ಅಂದರೆ ನಲ್ ಎಂಬ ಇಲ್ಲದಿರುವಿಕೆಯಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆಟದಲ್ಲೊಬ್ಬ ರಾಕ್ಷಸ ಇದ್ದಾನೆ ಎನ್ನಿ. ಅವನಿಗೆ ಎರಡು ದೇಹ. ನಿಜವಾದ ದೇಹ ಎಂಜಿನ್‌ನ ಸಿ ಪ್ಲಸ್ ಪ್ಲಸ್ ಒಡಲಿನಲ್ಲಿದೆ. ನಿಮ್ಮ ಕೋಡಿನ ಕೈಗೆ ಸಿಗುವುದು ಮ್ಯಾನೇಜ್ಡ್ ಬದಿಯ ಒಂದು ತೆಳ್ಳನೆಯ ಹೊದಿಕೆ. ಬಾಣ ತಗುಲಿ ರಾಕ್ಷಸ ಸತ್ತ, ನೀವು ಡಿಸ್ಟ್ರಾಯ್ ಕರೆದಿರಿ. ಒಳಗಿನ ದೇಹ ಹೋಯಿತು. ಹೊದಿಕೆ ಮಾತ್ರ ಹೋಗಲಿಲ್ಲ, ಏಕೆಂದರೆ ಅದನ್ನು ಗುಡಿಸುವುದು ರನ್‌ಟೈಮಿನ ಗಾರ್ಬೇಜ್ ಕಲೆಕ್ಟರ್, ಮತ್ತು ಯಾರೋ ಅದನ್ನು ಇನ್ನೂ ಹಿಡಿದುಕೊಂಡಿದ್ದಾರೆ. ಈಗ ಈ ರಾಕ್ಷಸ ನಲ್ ಹೌದೋ ಅಲ್ಲವೋ? ರನ್‌ಟೈಮಿನ ದೃಷ್ಟಿಯಲ್ಲಿ ಅಲ್ಲ, ಹೊದಿಕೆ ಇದೆ. ಆಟ ಬರೆಯುವವನ ದೃಷ್ಟಿಯಲ್ಲಿ ಹೌದು, ಅವನು ಸತ್ತಿದ್ದಾನೆ. ಯೂನಿಟಿ ಆಟ ಬರೆಯುವವನ ಪಕ್ಷ ವಹಿಸಿ, ಸಿ ಶಾರ್ಪಿನ ಸಮ-ಸಮ ಚಿಹ್ನೆಯನ್ನೇ ತನ್ನ ವಸ್ತುಗಳ ಮಟ್ಟಿಗೆ ಬದಲಾಯಿಸಿತು. ಸತ್ತ ವಸ್ತುವನ್ನು ನಲ್ ಜೊತೆ ಹೋಲಿಸಿದರೆ ಹೌದು ಎಂದು ಉತ್ತರ ಬರುವಂತೆ ಮಾಡಿತು. ಸಿ ಶಾರ್ಪ್ ಬರೆಯುವವರಿಗೆ ಇದು ಎಷ್ಟು ಒಗ್ಗಿಹೋಗಿದೆಯೆಂದರೆ ಹಲವರಿಗೆ ಇದೊಂದು ವಿಶೇಷ ಏರ್ಪಾಡು ಎಂಬುದೇ ಗೊತ್ತಿಲ್ಲ.

ಎಫ್ ಶಾರ್ಪಿನ ಸಮಚಿಹ್ನೆ ಆ ಏರ್ಪಾಡನ್ನು ಕೇಳುವುದೇ ಇಲ್ಲ. ಅದಕ್ಕೆ ಸಮತ್ವದ ಬೇರೆಯದೇ ವ್ಯವಸ್ಥೆಯಿದೆ. ನಲ್ ಎಂದರೆ ನಲ್; ಹೊದಿಕೆ ಇದ್ದರೆ ನಲ್ ಅಲ್ಲ. ಇನ್ನೂ ಕೆಟ್ಟದ್ದು ಮುಂದಿದೆ. ಎಫ್ ಶಾರ್ಪ್ ಬರೆಯುವವರು ನಲ್ ಕಂಡರೆ ಸಿಡಿಮಿಡಿಗೊಳ್ಳುತ್ತಾರೆ. ಹೊರಗಿನಿಂದ ಬಂದ ಯಾವುದನ್ನೇ ಆಗಲಿ ಮೊದಲು ಆಪ್ಷನ್ ಎಂಬ ಪೆಟ್ಟಿಗೆಗೆ ಹಾಕುತ್ತಾರೆ: ಇದ್ದರೆ ಸಮ್, ಇಲ್ಲದಿದ್ದರೆ ನನ್. ಸತ್ತ ರಾಕ್ಷಸನನ್ನು ಈ ಪೆಟ್ಟಿಗೆಗೆ ಹಾಕಿದರೆ ಅವನು ಸಮ್ ಆಗಿ ಕೂರುತ್ತಾನೆ. ಟೈಪುಗಳೆಲ್ಲ ಸರಿ, ಕಂಪೈಲರ್ ಸುಮ್ಮನಿದೆ, ಬರೆದವರಿಗೆ ನಿಶ್ಚಿಂತೆ. ಮುಂದಿನ ಫ್ರೇಮಿನಲ್ಲಿ ಅವನ ಪೊಸಿಷನ್ ಕೇಳಿದಾಗ ಆಟ ಎಕ್ಸೆಪ್ಷನ್ ಎಸೆಯುತ್ತದೆ. ಸುರಕ್ಷತೆಗೆಂದು ಆರಿಸಿದ ಭಾಷೆಯ ಅತ್ಯಂತ ಸುರಕ್ಷಿತ ಅಭ್ಯಾಸವೇ ಇಲ್ಲಿ ಬಲೆ.

ಪರಿಹಾರ ಕಷ್ಟವಲ್ಲ. ಬದಲಾಯಿಸಿದ ಸಮಚಿಹ್ನೆ ನಡುಭಾಷೆಯಲ್ಲಿ ಒಂದು ಮಾಮೂಲಿ ಸ್ಟ್ಯಾಟಿಕ್ ಮೆಥಡ್ಡು; ಅದನ್ನು ಪೂರ್ತಿ ಹೆಸರು ಹಿಡಿದು ಕರೆಯಬಹುದು. ಹಾಗೆ ಕರೆಯುವ ಒಂದು ಪುಟ್ಟ ಫಂಕ್ಷನ್ ಬರೆದು, ಎಂಜಿನ್‌ನಿಂದ ಬರುವ ಪ್ರತಿ ವಸ್ತುವೂ ಅದನ್ನು ದಾಟಿಯೇ ಆಪ್ಷನ್ ಪೆಟ್ಟಿಗೆಗೆ ಬರಬೇಕು ಎಂದು ಕಟ್ಟುನಿಟ್ಟು ಮಾಡಿದರೆ ಆಯಿತು. ಆದರೆ ಇದನ್ನು ಮೊದಲೇ ತಿಳಿಸುವ ಗುರುತು ಎಂಜಿನ್ ಹೊರಗೆ ತೋರಿಸುವ ಟೈಪುಗಳಲ್ಲಿ ಎಲ್ಲೂ ಇಲ್ಲ. ಎಂಜಿನ್ ಕೊಟ್ಟ ಮಾತು ಸಿ ಶಾರ್ಪಿನ ವ್ಯಾಕರಣದಲ್ಲಿ ಇದೆ, ನಡುಭಾಷೆಯ ಒಪ್ಪಂದದಲ್ಲಿ ಇಲ್ಲ. ಮಜಾ ಎಂದರೆ, 2015ರಲ್ಲಿ ಸಿ ಶಾರ್ಪ್ 6 ಪ್ರಶ್ನಾರ್ಥಕ-ಚುಕ್ಕೆ ಎಂಬ ಹೊಸ ಚಿಹ್ನೆ ತಂದಿತು: ನಲ್ ಅಲ್ಲದಿದ್ದರೆ ಮಾತ್ರ ಮುಂದುವರಿ ಎಂದು ಅದರ ಅರ್ಥ. ಅದೂ ಬದಲಾಯಿಸಿದ ಸಮಚಿಹ್ನೆಯನ್ನು ಕೇಳುವುದಿಲ್ಲ. ಮನೆಯ ಯಜಮಾನನೇ ತನ್ನ ಹೊಸ ಮಾತಿನಲ್ಲಿ ಎಡವುವಂತಾಯಿತು.

ಕೋರೂಟೀನ್ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಎರಡು ಸೆಕೆಂಡು ಕಾದು ಬಾಗಿಲು ತೆರೆ ಎಂಬಂಥ ಕೆಲಸಕ್ಕೆ ಯೂನಿಟಿ ಸಿ ಶಾರ್ಪಿನ ಯೀಲ್ಡ್ ಸೌಲಭ್ಯವನ್ನು ಬಳಸಿಕೊಂಡಿದೆ. ಎಫ್ ಶಾರ್ಪಿನಲ್ಲಿ ಸೀಕ್ವೆನ್ಸ್ ಬರೆದು ಅದರ ಎನ್ಯುಮರೇಟರನ್ನು ಕೊಡಬಹುದು. ಬೇರೆ ಬೇರೆ ಬಗೆಯ ವಸ್ತುಗಳಿಗಾಗಿ ಕಾಯುವಾಗ ಅವನ್ನು ಆಬ್ಜೆಕ್ಟ್ ಎಂದು ಸ್ಪಷ್ಟವಾಗಿ ಪರಿವರ್ತಿಸಬೇಕಾಗಬಹುದು. ಕಿರಿಕಿರಿ ಉಂಟು, ಅಪಾಯವಿಲ್ಲ.

ಗಾರ್ಬೇಜ್ ಕಲೆಕ್ಷನ್ ಮಾತ್ರ ಕಿರಿಕಿರಿಗಿಂತ ದೊಡ್ಡದು. ಇದಕ್ಕೆ ಒಳ್ಳೆಯ ಉದಾಹರಣೆ ಯೂನಿಟಿ ಅಲ್ಲ, ಎಕ್ಸ್‌ಎನ್‌ಎ. 2006ರ ಕೊನೆಗೆ ಮೈಕ್ರೋಸಾಫ್ಟ್ ಎಕ್ಸ್‌ಎನ್‌ಎ ಗೇಮ್ ಸ್ಟುಡಿಯೋ ಎಕ್ಸ್‌ಪ್ರೆಸ್ ಬಿಟ್ಟಾಗ, ಮನೆಯಲ್ಲಿ ಕೂತ ಹವ್ಯಾಸಿಯೂ ಎಕ್ಸ್‌ಬಾಕ್ಸ್ 360 ಮೇಲೆ ತನ್ನ ಆಟ ಓಡಿಸುವ ಹಾಗಾಯಿತು. ಆ ಯಂತ್ರದ ಮೇಲಿದ್ದದ್ದು ಡಾಟ್ ನೆಟ್‌ನ ಕಿರಿಯ ಆವೃತ್ತಿ. ಅದರ ಕಲೆಕ್ಟರ್ ಹೊಸ ವಸ್ತು, ಹಳೆಯ ವಸ್ತು ಎಂದು ತಲೆಮಾರುಗಳನ್ನು ಬೇರ್ಪಡಿಸುತ್ತಿರಲಿಲ್ಲ. ಪ್ರೋಗ್ರಾಮು ಪ್ರತಿ 1 ಎಂಬಿ ಮೆಮೊರಿ ಕೇಳಿದಾಗಲೂ ಎದ್ದು ಎಲ್ಲವನ್ನೂ ಹುಡುಕುತ್ತಿತ್ತು. ಲೆಕ್ಕ ಹಾಕಿ ನೋಡಿ. ಒಂದು ಫ್ರೇಮಿಗೆ 20 ಕೆಬಿ ಚಿಲ್ಲರೆ ವಸ್ತುಗಳನ್ನು ಸೃಷ್ಟಿಸಿದರೆ ಸೆಕೆಂಡಿಗೆ 1.2 ಎಂಬಿ. ಅಂದರೆ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಬಾರಿ ಇಡೀ ಆಟ ನಿಂತು ಕಸ ಗುಡಿಸಬೇಕು. ಬದುಕಿರುವ ವಸ್ತುಗಳು ಹೆಚ್ಚಿದ್ದಷ್ಟೂ ನಿಲುಗಡೆ ಉದ್ದ. ಹದಿನಾರೂವರೆ ಮಿಲಿಸೆಕೆಂಡಿನ ಲೆಕ್ಕ ತಪ್ಪಿದ ಕೂಡಲೇ ಆಟಗಾರನ ಕಣ್ಣಿಗೆ ತಡವರಿಕೆ ಕಾಣುತ್ತದೆ.

ಸಿ ಶಾರ್ಪಿನವರು ಇದಕ್ಕೆ ಒಗ್ಗಿಕೊಂಡರು. ಗುಂಡುಗಳನ್ನೆಲ್ಲ ಮೊದಲೇ ಸೃಷ್ಟಿಸಿಟ್ಟು ಮತ್ತೆ ಮತ್ತೆ ಬಳಸುವುದು, ಸ್ಟ್ರಕ್ಟುಗಳನ್ನೇ ನೆಚ್ಚುವುದು, ಲೂಪಿನೊಳಗೆ ಸ್ಟ್ರಿಂಗ್ ಜೋಡಿಸದಿರುವುದು. ಎಫ್ ಶಾರ್ಪಿನ ಸೊಬಗು ಇದಕ್ಕೆ ತದ್ವಿರುದ್ಧ. ಹಳೆಯ ಮೌಲ್ಯವನ್ನು ತಿದ್ದಬೇಡ, ಹೊಸದನ್ನು ಮಾಡು ಎನ್ನುವುದು ಅದರ ಧರ್ಮ. ಲಿಸ್ಟು, ಟ್ಯೂಪಲ್ಲು, ಕ್ಲೋಶರು ಎಲ್ಲವೂ ಹೀಪ್ ಮೇಲೆ, ಅಂದರೆ ಕಲೆಕ್ಟರ್ ಗುಡಿಸಬೇಕಾದ ಜಾಗದಲ್ಲಿ, ಪುಟ್ಟ ಪುಟ್ಟ ವಸ್ತುಗಳು. ಸಾವಿರ ಕಣಗಳ ಸಿಡಿಮದ್ದನ್ನು ಪ್ರತಿ ಫ್ರೇಮಿನಲ್ಲೂ ಹೊಸ ಲಿಸ್ಟಾಗಿ ಕಟ್ಟಿದರೆ ಕೋಡ್ ನೋಡಲು ಚೆಂದ, ಆಟ ಆಡಲು ಅಸಾಧ್ಯ. ಎಫ್ ಶಾರ್ಪಿನಲ್ಲೂ ಅರೇ ತೆಗೆದುಕೊಂಡು ಲೂಪಿನಲ್ಲಿ ತಿದ್ದಬಹುದು. ಹಾಗೆ ಬರೆದರೆ ಅದು ಎಫ್ ಶಾರ್ಪಿನ ವೇಷ ಹಾಕಿದ ಸಿ ಶಾರ್ಪ್; ಅದಕ್ಕಿಂತ ಸಿ ಶಾರ್ಪನ್ನೇ ಬರೆಯುವುದು ಮರ್ಯಾದೆ.

ಇನ್ನೊಂದು ಗೋಡೆ ಐಫೋನಿನದು. ಅಲ್ಲಿ ಆಪ್ ಓಡುತ್ತಿರುವಾಗ ಹೊಸ ಯಂತ್ರ ಆದೇಶಗಳನ್ನು ಸೃಷ್ಟಿಸಿಕೊಳ್ಳಲು ಆಪಲ್ ಬಿಡುವುದಿಲ್ಲ. ಎಲ್ಲವೂ ಮೊದಲೇ ಕಂಪೈಲ್ ಆಗಿರಬೇಕು. 2015ರ ಫೆಬ್ರವರಿಯಿಂದ ಹೊಸ ಆಪ್‌ಗಳು 64 ಬಿಟ್ ಆಗಿರಬೇಕೆಂಬ ನಿಯಮವೂ ಬಂತು. ಯೂನಿಟಿ ಇದಕ್ಕೆ ಕಂಡುಕೊಂಡ ದಾರಿ, ನಡುಭಾಷೆಯನ್ನು ಇಡಿಯಾಗಿ ಸಿ ಪ್ಲಸ್ ಪ್ಲಸ್‌ಗೆ ತಿರುಗಿಸಿ ಮತ್ತೆ ಕಂಪೈಲ್ ಮಾಡುವುದು. ಸಿ ಶಾರ್ಪಿನಂಥ, ಟೈಪುಗಳನ್ನು ಮೊದಲೇ ನಿಗದಿ ಮಾಡುವ ಭಾಷೆಗೆ ಇದು ಸಲೀಸು. ಟೈಪುಗಳನ್ನು ಹಾಗೆ ನಿಗದಿ ಮಾಡದ ಕ್ಲೋಜರ್‌ನಂಥ ಭಾಷೆಗೆ ಪ್ರಾಣಸಂಕಟ. ರಾಮ್ಸೇ ನಾಸರ್ ಮತ್ತು ಟಿಮ್ಸ್ ಗಾರ್ಡ್ನರ್ ಆರ್ಕೇಡಿಯಾ ಎಂಬ ಯೋಜನೆಯಲ್ಲಿ ಕ್ಲೋಜರನ್ನು ಯೂನಿಟಿಯೊಳಗೆ ತಂದಿದ್ದರು. ಆಟ ನಡೆಯುತ್ತಿರುವಾಗಲೇ ಒಂದು ಸಾಲು ಬರೆದು ಗುರುತ್ವ ಬದಲಿಸಬಹುದು, ಪಾತ್ರಗಳನ್ನು ಎತ್ತಿ ಎಸೆಯಬಹುದು. ನೋಡಿದವರಿಗೆ ಆಸೆ ಹುಟ್ಟಿಸುವ ಕೆಲಸ. ಆದರೆ ಡಾಟ್ ನೆಟ್ ಮೇಲಿನ ಕ್ಲೋಜರ್ ಓಡುವ ಹೊತ್ತಿನಲ್ಲೇ ಕೋಡ್ ಸೃಷ್ಟಿಸುವುದನ್ನು ನೆಚ್ಚಿಕೊಂಡಿತ್ತು, ಅದನ್ನೇ ಫೋನು ಬೇಡ ಎನ್ನುತ್ತದೆ. ಕೊನೆಗೆ ನಾಸರ್ ಮ್ಯಾಜಿಕ್ ಎಂಬ ಹೊಸ ಕಂಪೈಲರನ್ನೇ ಬರೆಯಲು ಕೂತರು. ಭಾಷೆಯೊಂದನ್ನು ಎಂಜಿನ್‌ಗೆ ಹೊಂದಿಸಲು ಹೊರಟವರು ಭಾಷೆಯ ಬುಡಕ್ಕೇ ಕೈಹಾಕಬೇಕಾಯಿತು.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಬೇರೆ ಭಾಷೆ ಯಾಕೆ ಬೇಕು, ಸಿ ಶಾರ್ಪ್ ಕಲಿತರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿ ನಾನು ಎಂಜಿನ್ ಬಿಟ್ಟು ಆಟಕ್ಕೆ ಬರುತ್ತೇನೆ. ಎಲ್ಲರಿಗೂ ಗೊತ್ತಿರುವ ಚೌಕಾಬಾರವನ್ನೇ ತೆಗೆದುಕೊಳ್ಳೋಣ. ಐದೈದು ಮನೆಗಳ ಪಟ, ಒಟ್ಟು 25: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, 4. ನಾಲ್ಕೂ ಮಗುಚಿ ಬಿದ್ದರೆ ಬಾರ, 8. ಎರಡಕ್ಕೂ ಮತ್ತೊಂದು ಸಲ ಗರ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಗುರುತು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ನಡುವಿನ ಮನೆ ಸೇರಿದ ಕಾಯಿ ಹಣ್ಣು.

ಇದನ್ನು ಸಾಮಾನ್ಯ ಸಿ ಶಾರ್ಪಿನಲ್ಲಿ ಬರೆಯುವವರು ಕಾಯಿಗೊಂದು ಮನೆಸಂಖ್ಯೆ, ಒಳಸುತ್ತಿನಲ್ಲಿದೆಯೇ ಎಂಬ ಹೌದು-ಇಲ್ಲ, ಹಣ್ಣಾಗಿದೆಯೇ ಎಂಬ ಇನ್ನೊಂದು ಹೌದು-ಇಲ್ಲ ಇಡುತ್ತಾರೆ. ಆಗ ಹಣ್ಣೂ ಆಗಿದೆ, ಹೊರಸುತ್ತಿನ ಏಳನೆಯ ಮನೆಯಲ್ಲೂ ಇದೆ ಎಂಬ ಅಸಂಬದ್ಧ ಕಾಯಿಯನ್ನು ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ, ಯಾರೋ ಒಬ್ಬ ಹುಡುಗ ಆಡುವಾಗ ಅದು ಬಯಲಿಗೆ ಬರುತ್ತದೆ. ಎಫ್ ಶಾರ್ಪಿನಲ್ಲಿ ಕಾಯಿಯ ಸ್ಥಿತಿ ಮೂರರಲ್ಲಿ ಒಂದು ಎಂದು ಬರೆಯುತ್ತೀರಿ: ಹೊರಸುತ್ತು ಮತ್ತು ಅದರ ಮನೆಸಂಖ್ಯೆ, ಒಳಸುತ್ತು ಮತ್ತು ಅದರ ಮನೆಸಂಖ್ಯೆ, ಅಥವಾ ಬರೀ ಹಣ್ಣು. ಹಣ್ಣಾದ ಕಾಯಿಗೆ ಮನೆಸಂಖ್ಯೆ ಇಡಲು ಜಾಗವೇ ಇಲ್ಲ. ಇನ್ನು ಊರೂರಿಗೆ, ಮನೆಮನೆಗೆ ನಿಯಮ ಬೇರೆ ಎಂಬುದು ನಿಮಗೆ ಗೊತ್ತೇ ಇದೆ. ಒಂದೇ ಮನೆಯಲ್ಲಿ ಕೂತ ಎರಡು ಕಾಯಿ ಸೇರಿ ಜೋಡಿಯಾಗುತ್ತವೆ, ಒಂಟಿ ಕಾಯಿ ಅದನ್ನು ಕಡಿಯಲಾರದು ಎಂಬ ನಿಯಮ ಸೇರಿಸಬೇಕೆನ್ನಿ. ಟೈಪಿಗೆ ನಾಲ್ಕನೆಯ ಸ್ಥಿತಿಯೊಂದನ್ನು ಸೇರಿಸಿದ ಕ್ಷಣ, ಆ ಸ್ಥಿತಿಯನ್ನು ಗಮನಿಸದೆ ಬಿಟ್ಟ ಪ್ರತಿ ಜಾಗದಲ್ಲೂ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ನಡೆಸುವಲ್ಲಿ, ಕಡಿಯುವಲ್ಲಿ, ಗೆಲುವಿನ ಲೆಕ್ಕದಲ್ಲಿ ಏನೇನು ತಿದ್ದಬೇಕು ಎಂಬ ಪಟ್ಟಿ ತಾನಾಗಿ ಸಿಕ್ಕಿತು.

ಈ ನಿಯಮಗಳ ಭಾಗಕ್ಕೆ ಯೂನಿಟಿಯ ಒಂದು ಹೆಸರೂ ಗೊತ್ತಿರಬೇಕಾಗಿಲ್ಲ. ಈಗಿನ ಸ್ಥಿತಿ, ಬಿದ್ದ ಗರ, ಆರಿಸಿದ ಕಾಯಿ ಇಷ್ಟನ್ನು ಕೊಟ್ಟರೆ ಹೊಸ ಸ್ಥಿತಿಯನ್ನೂ, ಏನೇನು ನಡೆಯಿತೆಂಬ ಪಟ್ಟಿಯನ್ನೂ ಅದು ವಾಪಸ್ ಕೊಡುತ್ತದೆ: ಕಾಯಿ ಮೂರು ಮನೆ ನಡೆಯಿತು, ಒಂದು ಕಾಯಿಯನ್ನು ಕಡಿಯಿತು, ಮತ್ತೊಂದು ಗರ ಸಿಕ್ಕಿತು. ಸಿ ಶಾರ್ಪಿನ ತೆಳುವಾದ ಹೊರಪದರ ಆ ಪಟ್ಟಿ ಓದಿ ಕಾಯಿಯನ್ನು ಸರಿಸುತ್ತದೆ, ಸದ್ದು ಮಾಡುತ್ತದೆ. ಈಗ ಹಿಂದೆ ಹೇಳಿದ ತಕರಾರುಗಳನ್ನು ಒಂದೊಂದಾಗಿ ನೋಡಿ. ಸತ್ತ ವಸ್ತುವಿನ ನಲ್ ಇಲ್ಲ, ಏಕೆಂದರೆ ಎಂಜಿನ್ ವಸ್ತುಗಳೇ ಒಳಗೆ ಬರುವುದಿಲ್ಲ. ಕಸದ ಚಿಂತೆ ಇಲ್ಲ, ಏಕೆಂದರೆ ಹೊಸ ಲಿಸ್ಟು ಹುಟ್ಟುವುದು ಗರ ಬಿದ್ದಾಗ ಒಮ್ಮೆ. ಸೆಕೆಂಡಿಗೆ 60 ಬಾರಿ ಅಲ್ಲ. ಕವಡೆ ಹಾಕುವುದೂ ಹೊರಗಿನ ಕೆಲಸವಾದ್ದರಿಂದ, ಅದೇ ಗರಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಅದೇ ಆಟ ಮತ್ತೆ ನಡೆಯುತ್ತದೆ. ಎಂಜಿನ್ ತೆರೆಯದೆಯೇ ಸಾವಿರಾರು ಆಟಗಳನ್ನು ಪರೀಕ್ಷೆಗಾಗಿ ಓಡಿಸಬಹುದು.

ಈ ಎರಡು ಭಾಷೆಗಳ ಗಡಿಯಲ್ಲಿ ಎರಡು ಎಚ್ಚರಿಕೆ ಸಾಕು. ಎಫ್ ಶಾರ್ಪಿನ ಈ ಮೂರರಲ್ಲಿ-ಒಂದು ಟೈಪು ಸಿ ಶಾರ್ಪಿಗೆ ಒಳಗೊಳಗೆ ಕ್ಲಾಸುಗಳಿರುವ ವಿಚಿತ್ರ ಕುಟುಂಬವಾಗಿ ಕಾಣುತ್ತದೆ, ಫಂಕ್ಷನ್ ಮೌಲ್ಯಗಳು ಎಫ್ ಶಾರ್ಪಿನದೇ ಟೈಪಾಗಿ ಕಾಣುತ್ತವೆ. ಹಾಗಾಗಿ ಗಡಿಯ ಮೇಲೆ ಸಾದಾ ಅಂಕಿ, ಅರೇ, ಸರಳ ಕ್ಲಾಸುಗಳನ್ನಷ್ಟೇ ಇಡಿ. ಎರಡನೆಯದು, ಯೂನಿಟಿಯ ಸೀನಿಗೆ ಅಂಟಿಸುವ ಕಾಂಪೊನೆಂಟುಗಳನ್ನು ಎಫ್ ಶಾರ್ಪಿನ ಡಿಎಲ್‌ಎಲ್‌ನಲ್ಲಿ ಇಡಬೇಡಿ. ಡಿಎಲ್‌ಎಲ್ ಒಳಗಿನ ಕಾಂಪೊನೆಂಟನ್ನು ಯೂನಿಟಿ ಗುರುತಿಸುವುದು ಅದರ ನೇಮ್‌ಸ್ಪೇಸ್ ಮತ್ತು ಕ್ಲಾಸಿನ ಹೆಸರಿನಿಂದ. ಒಂದು ದಿನ ಹೆಸರು ಚೆಂದ ಮಾಡೋಣವೆಂದು ಬದಲಿಸಿದರೆ ಎಲ್ಲ ಸೀನುಗಳಲ್ಲೂ ಸ್ಕ್ರಿಪ್ಟ್ ಕಾಣೆಯಾಗಿದೆ ಎಂಬ ಫಲಕ ನೇತಾಡುತ್ತದೆ.

ಯೂನಿಟಿಯ ಹೊರಪದರವೇ ಬೇಡ, ಎಲ್ಲವನ್ನೂ ಎಫ್ ಶಾರ್ಪಿನಲ್ಲೇ ಬರೆಯಬೇಕು ಎನ್ನುವವರಿಗೆ ಮೋನೋಗೇಮ್ ಹೆಚ್ಚು ಅನುಕೂಲ. ಮೈಕ್ರೋಸಾಫ್ಟ್ ಎಕ್ಸ್‌ಎನ್‌ಎಯನ್ನು ಕೈಬಿಡುವುದಾಗಿ 2013ರಲ್ಲಿ ತಿಳಿಸಿತು. ಅಷ್ಟರಲ್ಲಿ ಅದೇ ವಿನ್ಯಾಸದ ಮುಕ್ತ ಅನುಷ್ಠಾನವಾಗಿ ಮೋನೋಗೇಮ್ ಬೆಳೆದಿತ್ತು. ಸ್ಟಾರ್‌ಡ್ಯೂ ವ್ಯಾಲಿ ಆಟವನ್ನು ಎರಿಕ್ ಬರೋನ್ ಎಕ್ಸ್‌ಎನ್‌ಎ ಮೇಲೆ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದರು. ಅದು ಆಮೇಲೆ ಮೋನೋಗೇಮಿಗೆ ಬಂತು. ಮೋನೋಗೇಮಿನಲ್ಲಿ ಎಡಿಟರ್ ಇಲ್ಲ, ಸೀನ್ ಇಲ್ಲ. ಗೇಮ್ ಎಂಬ ಕ್ಲಾಸನ್ನು ವಿಸ್ತರಿಸಿ ಅಪ್‌ಡೇಟ್, ಡ್ರಾ ಎಂಬ ವರ್ಚುವಲ್ ಮೆಥಡ್ಡುಗಳನ್ನು ನಿಮ್ಮದಾಗಿಸಿಕೊಂಡರೆ ಆಟ ಶುರು. ವ್ಯತ್ಯಾಸ ಗಮನಿಸಿ. ಯೂನಿಟಿಯಲ್ಲಿ ಅಪ್‌ಡೇಟ್ ಎಂಬುದನ್ನು ಎಂಜಿನ್ ಹೆಸರು ನೋಡಿ ಹುಡುಕುತ್ತದೆ. ಒಂದು ಅಕ್ಷರ ತಪ್ಪಿದರೂ ಯಾರೂ ಹೇಳುವುದಿಲ್ಲ, ಸುಮ್ಮನೆ ಓಡುವುದಿಲ್ಲ. ಮೋನೋಗೇಮಿನಲ್ಲಿ ಅದು ನಡುಭಾಷೆಯೇ ಬಲ್ಲ ಒಪ್ಪಂದ, ತಪ್ಪಿದರೆ ಎಫ್ ಶಾರ್ಪ್ ಕಂಪೈಲರ್ ಹಿಡಿಯುತ್ತದೆ. ಮೂಲ ಕ್ಲಾಸಿನ ಪ್ರೊಟೆಕ್ಟೆಡ್ ಮೆಥಡ್ಡನ್ನು ಲ್ಯಾಂಬ್ಡಾ ಒಳಗಿಂದ ಕರೆಯಲು ಎಫ್ ಶಾರ್ಪ್ ಬಿಡುವುದಿಲ್ಲ ಎಂಬಂಥ ಸಣ್ಣ ತಡೆಗಳು ಇವೆ. ಅವನ್ನು ಕಂಪೈಲರ್ ಬಾಯಿಬಿಟ್ಟು ಹೇಳುವುದರಿಂದ ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಒಂದು ಎಂಜಿನ್ ಬೇರೆ ಭಾಷೆಗೆ ಎಷ್ಟು ಒಗ್ಗೀತು ಎಂದು ತಿಳಿಯಲು ಅದರ ಜಾಹೀರಾತು ಓದಬೇಡಿ. ಅದು ನಿಮ್ಮ ಕೋಡನ್ನು ಹೇಗೆ ಕರೆಯುತ್ತದೆ ಎಂದು ನೋಡಿ.

ಕೊನೆಯದಾಗಿ, ಕನ್ನಡದಲ್ಲಿ ಆಟ ಮಾಡುವವರಿಗೆ ಯಾವ ಪ್ರೋಗ್ರಾಮಿಂಗ್ ಭಾಷೆಯೂ ಬಿಡಿಸಲಾರದ ಒಂದು ಗಂಟು. ಮೋನೋಗೇಮಿನ ಸ್ಪ್ರೈಟ್‌ಫಾಂಟ್ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲಿ ಅಕ್ಷರ ಬರೆಯುತ್ತದೆ. ಇಂಗ್ಲಿಷಿಗೆ ಸಾಕು. ಅಕ್ಕ ಎಂಬ ಪದ ಕಂಪ್ಯೂಟರಿನಲ್ಲಿ ನಾಲ್ಕು ಸಂಕೇತ: ಅ, ಕ, ಹಲಂತ ಚಿಹ್ನೆ, ಮತ್ತೊಂದು ಕ. ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಒತ್ತಕ್ಷರ ಮೂಡುವುದಿಲ್ಲ. ಅರ್ಕಾವತ್ತಿನಲ್ಲಿ ಇನ್ನೂ ಗೊಂದಲ. ಮೊದಲು ದಾಖಲಾದ ರಕಾರ ತೆರೆಯ ಮೇಲೆ ಆಮೇಲೆ ಬರಬೇಕು. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಕೂಡ ಭಾರತೀಯ ಲಿಪಿಗಳ ಈ ಜೋಡಣೆಯನ್ನು ಮಾಡಿಕೊಡದೆ ವರ್ಷಗಟ್ಟಲೆ ನಮ್ಮವರನ್ನು ಕಾಡಿದೆ. ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದಿತು. ಆದರೂ ಬೆಂಗಳೂರಿನಲ್ಲಿ ಕೂತು ಮಾಡಿದ ಆಟದಲ್ಲಿ ಕನ್ನಡದ ಒತ್ತು ಒಡೆಯುವುದನ್ನು ಕಂಡವರಿದ್ದಾರೆ.

ಜೋಡಣೆ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ. 2023ರಲ್ಲಿ ಬಂದ ಗೋಡೋ 4 ಎಂಜಿನ್ ಅದನ್ನು ಒಳಗೇ ಇಟ್ಟುಕೊಂಡಿದೆ. ಅಂಥ ಸೌಲಭ್ಯವಿಲ್ಲದ ಕಡೆ ಮ್ಯಾನೇಜ್ಡ್ ಗಡಿಯನ್ನೇ ದಾಟಿ, ನೇಟಿವ್ ಲೈಬ್ರರಿಯನ್ನು ನಾವೇ ಕರೆಯಬೇಕು. ಪಠ್ಯ ಕೊಟ್ಟರೆ ಫಾಂಟಿನ ಯಾವ ಯಾವ ಆಕೃತಿ ಎಲ್ಲೆಲ್ಲಿ ಕೂರಬೇಕೆಂಬ ಅಂಕಿಗಳ ಸಾಲನ್ನು ಅದು ಕೊಡುತ್ತದೆ. ಆ ಗಡಿಯಲ್ಲಿ ಸಿ ಶಾರ್ಪ್, ಎಫ್ ಶಾರ್ಪ್ ಎಂಬ ಭೇದವಿಲ್ಲ, ಇಬ್ಬರಿಗೂ ಕಷ್ಟ ಸಮ. ಒಂದು ಉಪಾಯ ಹೇಳಿ ಮುಗಿಸುತ್ತೇನೆ. ಆಟದ ಮಾತುಗಳು ಬಹುಪಾಲು ಮೊದಲೇ ಗೊತ್ತಿರುತ್ತವೆ. ಅವನ್ನು ಆಟ ಕಟ್ಟುವ ಹೊತ್ತಿನಲ್ಲೇ ಜೋಡಿಸಿ ಆಕೃತಿಗಳ ಸಾಲಾಗಿ ಕಡತದಲ್ಲಿಟ್ಟುಕೊಂಡರೆ, ಅವುಗಳ ಮಟ್ಟಿಗೆ ಫೋನಿನ ಮೇಲೆ ಆ ಲೈಬ್ರರಿಯ ಅಗತ್ಯವೇ ಬಾರದು. ಓಡುವಾಗ ಜೋಡಿಸಬೇಕಾಗಿ ಬರುವುದು ಆಟಗಾರ ತಾನೇ ಟೈಪಿಸಿದ ಹೆಸರನ್ನು ಮಾತ್ರ. ಹೆಸರು ಕೇಳದ ಆಟವಾದರೆ ಅದೂ ಇಲ್ಲ.

ಈಗ ಪ್ರಶ್ನೆಗಳಿಗೆ ಸಮಯವಿದೆ. ಚೌಕಾಬಾರದ ನಿಯಮ ನಿಮ್ಮ ಮನೆಯಲ್ಲಿ ಬೇರೆ ಇದ್ದರೆ ಅದನ್ನೂ ಹೇಳಿ, ಬರೆದುಕೊಳ್ಳುತ್ತೇನೆ.